ಬದುಕಿರುವವನ ಸಾವಿನ ಹಾಳೆ

ಬಿಸ್ತ್ರಿಕ ಪಟ್ಟಣ
೮ ಮೇ ೧೯೯೯

ಪ್ರೀತಿಯ ನೆವೆನ,

ಈ ಕಾಗದದ ಜೊತೆ ನಮ್ಮ 'ಗಂಟೆ' ಪತ್ರಿಕೆಯ ನಿನ್ನೆಯ ಸಂಚಿಕೆ ಕಳಿಸುತ್ತಿದ್ದೇನೆ. ನಡುವಿನ ಹಾಳೆ ಬಿಡಿಸಿ ನೋಡು. ಅಲ್ಲಿ ನಮ್ಮ ಮೇಯರ್ ಲ್ಯುಬೆನ್ ದರಾಕೊವ್ ಕಪ್ಪು ಚೌಕಟ್ಟಿನೊಳಗೆ ಕೂತು ನಗುತ್ತಿದ್ದಾನೆ. ಮೇಲೆ ಶಿಲುಬೆ, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು. ಯಾರಾದರೂ ತೀರಿಕೊಂಡಾಗ ನಾವು ಬಾಗಿಲಿಗೂ ಮರಕ್ಕೂ ಅಂಟಿಸುವ ಸಾವಿನ ಹಾಳೆ ಹೇಗಿರುತ್ತದೋ ಹಾಗೆಯೇ. ಇನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ, 'ನಮ್ಮ ಹೆರಿಗೆ ವಾರ್ಡಿಗೆ ಬೀಗ ಹಾಕಲು ಹೊರಟಿರುವ ಮೇಯರರ ಮನಸ್ಸಾಕ್ಷಿ ದೀರ್ಘ ಕಾಯಿಲೆಯ ನಂತರ ತೀರಿಕೊಂಡಿತೆಂದು ತಿಳಿಸಲು ವಿಷಾದಿಸುತ್ತೇವೆ' ಎಂದು ಬರೆದಿದ್ದೇನೆ.

ಸಂಚಿಕೆ ಮಧ್ಯಾಹ್ನದೊಳಗೆ ಖಾಲಿ. ಬೇಕರಿಯವಳು ಕಿಟಕಿಗೆ ಅಂಟಿಸಿದ್ದಾಳೆ, ಕ್ಷೌರದಂಗಡಿಯವನು ಕನ್ನಡಿಯ ಪಕ್ಕ. ಹೆಂಗಸರು ಗುಂಪಾಗಿ ಪುರಸಭೆಗೆ ಹೋದರು. ವಾರ್ಡು ಮುಚ್ಚುವ ತೀರ್ಮಾನವನ್ನು ಜೂನ್ ಕೊನೆಗೆ ಮುಂದೂಡಿದ್ದಾರೆ. ಇಷ್ಟು ವರ್ಷ ಪತ್ರಿಕೆ ನಡೆಸಿದ್ದಕ್ಕೆ ಇದೊಂದು ಸಾರ್ಥಕವಾಯಿತು ಅನ್ನಿಸುತ್ತಿದೆ.

ಮುದ್ರಣ ಯಂತ್ರದ ಸದ್ದಿಗೆ ಕಿವಿ ಹೋದ ಮೇಲೆ ಟೆಲಿಫೋನು ನನಗೆ ಬರೀ ಮರದ ತುಂಡು. ನಿನ್ನ ಕಾಗದವೇ ನನ್ನ ಕಿವಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಏನು ಬರೆಯಲಿ ಎಂದು ಮತ್ತೆ ಹೇಳಬೇಡ. ಊರಿನ ಸುದ್ದಿ ಬರೆ.

ನಿನ್ನ ಸೋದರಮಾವ,
ರಂಗೆಲ್

*

ಕಾಮೆನ್‌ದೊಲ್
೧೨ ಮೇ

ರಂಗೆಲ್ ಮಾವ,

ನಿಮ್ಮ ಕಾಗದ ಸೋಮವಾರ ಬಂತು. ಪತ್ರಿಕೆ ಅದಕ್ಕಿಂತ ಮೊದಲೇ ಬಂದಿತ್ತು.

ಮೇಯರ್ ತಾಯಿ ತೋಂಕಜ್ಜಿ ನಮ್ಮ ಪಕ್ಕದ ಮನೆಯವರು. ಇದು ನಿಮಗೆ ಗೊತ್ತಿತ್ತು. ಅಚ್ಚು ಹಾಕುವಾಗ ನೆನಪಿಗೆ ಬಂದಿತೋ ಇಲ್ಲವೋ ನನಗೆ ತಿಳಿಯದು.

ಭಾನುವಾರ ಬೆಳಿಗ್ಗೆ ಯಾರೋ ಹುಡುಗರು ಆ ಹಾಳೆಯನ್ನು ಕತ್ತರಿಸಿ ನೀರಿನ ತೊಟ್ಟಿಯ ಬಳಿಯ ವಾಲ್ನಟ್ ಮರಕ್ಕೆ ಅಂಟಿಸಿದ್ದರು. ಊರಿನ ಸಾವಿನ ಹಾಳೆಗಳೆಲ್ಲ ಇರುವುದು ಅದೇ ಮರದ ಮೇಲೆ. ತೋಂಕಜ್ಜಿ ನೀರಿಗೆ ಹೋದರು. ಅವರ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಅಕ್ಷರ ಕಾಣುವುದಿಲ್ಲ. ಮಗನ ಮುಖ ಕಂಡಿತು, ಕಪ್ಪು ಚೌಕಟ್ಟು ಕಂಡಿತು. ಅವರು ಕೂಗಲಿಲ್ಲ. ಬಿಂದಿಗೆ ಅಲ್ಲೇ ಇಟ್ಟು ಮನೆಗೆ ಬಂದರು.

ನಾನು ಗೋಡೆಯಾಚೆ ಇಣುಕಿದಾಗ ಕನ್ನಡಿಗೆ ಬಟ್ಟೆ ಮುಚ್ಚಿ, ಕಪ್ಪು ಉಟ್ಟು, ತಲೆಗೆ ಕಪ್ಪು ವಸ್ತ್ರ ಕಟ್ಟಿ, ಸತ್ತವರಿಗೆ ಬೇಯಿಸುವ ಗೋಧಿ ಆರಿಸುತ್ತಾ ಕೂತಿದ್ದರು. ಏನಾಯಿತೆಂದು ಕೇಳಿದೆ.

"ಲ್ಯುಬೆ ಹೋದ ಕಣೆ" ಅಂದರು. ಕೈ ಗೋಧಿಯಲ್ಲೇ ಇತ್ತು.

ತಾಯಿಯೇ ಕಪ್ಪು ಉಟ್ಟ ಮೇಲೆ ಸಣ್ಣ ಅಕ್ಷರ ಓದುವವರು ಯಾರು ಮಾವ? ಅವರು ಹಾಳೆ ನೋಡಿ ನಂಬಿದರು, ಊರು ಅವರನ್ನು ನೋಡಿ ನಂಬಿತು. ಎಲ್ಲರೂ ಹೂವು ತಂದರು, ಸತ್ತವರ ಮನೆಗೆ ತರುವ ಹಾಗೆ ಎರಡು, ನಾಲ್ಕು, ಜೋಡಿ ಲೆಕ್ಕದಲ್ಲಿ. ನಾನೂ ನಮ್ಮ ಹಿತ್ತಲಿನ ಐರಿಸ್ ಕೊಯ್ದೆ. ಅವರ ಮನೆಗೆ ಯಾವಾಗಲೂ ಬೆಸ ಲೆಕ್ಕದಲ್ಲಿ ಮೂರು ಒಯ್ಯುತ್ತಿದ್ದವಳು ಮೂರನೆಯದನ್ನು ಗಿಡದಲ್ಲೇ ಬಿಟ್ಟೆ.

ಹೆಣ ಯಾವಾಗ ತರುತ್ತಾರೆ ಎಂದು ಕೇಳಲು ಅಂಗಡಿಯ ದಿಂಕೊ ಮೇಯರ್ ಮನೆಗೆ ಫೋನ್ ಮಾಡಿದ. ಫೋನ್ ಎತ್ತಿದ್ದು ಹೆಣವೇ.

ಸಂಜೆ ಅವರು ಕಾರಿನಲ್ಲಿ ಬಂದರು. ತೋಂಕಜ್ಜಿ ಮಗನ ಮುಖ ಮುಟ್ಟಿದರು, ಕಿವಿ ಮುಟ್ಟಿದರು, ಅಂಗಿಯ ಗುಂಡಿ ಸರಿಮಾಡಿದರು, ಆಮೇಲೆ ಊಟಕ್ಕೆ ಬಡಿಸಿದರು. ಬೇಯಿಸಿದ ಗೋಧಿಯನ್ನು ಕೋಳಿಗೆ ಹಾಕಿದರು. ಮೇಯರ್ ಅಂಗಳದಲ್ಲಿ ನಿಂತು ನಿಮ್ಮ ಬಗ್ಗೆ ಆಡಿದ ಮಾತು ನಾನು ಬರೆಯುವುದಿಲ್ಲ.

ಆದರೆ ಅಜ್ಜಿ ಕಪ್ಪು ಬಿಚ್ಚಿಲ್ಲ. ಮಗ ಬೈದರೂ ಬಿಚ್ಚಲಿಲ್ಲ. "ಹಾಕಿದ್ದು ಹಾಕಾಯ್ತು. ಮೇಲಿರೋರೂ ಓದಿರ್ತಾರೆ. ನಲವತ್ತು ದಿನ ಕಳೀಲಿ, ಆಮೇಲೆ ನೋಡಣ" ಅನ್ನುತ್ತಾರೆ. ತಾನು ದುಃಖ ತೀರಿಸಿಬಿಟ್ಟರೆ ಸಾವು ಬೇರೆ ದುಃಖ ಹುಡುಕಿಕೊಂಡು ಬರುವುದಿಲ್ಲ ಎಂದು ಅವರ ಲೆಕ್ಕ.

ಊರಿನ ಸುದ್ದಿ ಕೇಳಿದಿರಿ. ಇದೇ ಸುದ್ದಿ.

ನೆವೆನ

*

ಬಿಸ್ತ್ರಿಕ
೧೫ ಮೇ

ಪ್ರೀತಿಯ ನೆವೆನ,

ಹೆಣವೇ ಫೋನ್ ಎತ್ತಿತು ಎಂಬಲ್ಲಿ ಜೋರಾಗಿ ನಕ್ಕುಬಿಟ್ಟೆ. ಮುಂದಿನ ಸಾಲು ಓದಿ ಕಾಗದ ಮಡಚಿಟ್ಟೆ. ಇವತ್ತು ಮತ್ತೆ ತೆಗೆದೆ.

ತೋಂಕಜ್ಜಿಗೆ ಆದದ್ದಕ್ಕೆ ಬೇಸರವಿದೆ. ಇದರ ಜೊತೆ ಕಾಫಿ ಪುಡಿ, ಒಂದು ಡಬ್ಬಿ ಗುಲಾಬಿ ಮಿಠಾಯಿ ಇಟ್ಟಿದ್ದೇನೆ, ಕೊಡು. ಯಾರು ಕಳಿಸಿದ್ದು ಎಂದು ಹೇಳಬೇಕಾಗಿಲ್ಲ.

ಆದರೆ ಪತ್ರಿಕೆಯಲ್ಲಿ ಕ್ಷಮೆ ಕೇಳಲಾರೆ. ಕೇಳಿದರೆ ದರಾಕೊವ್ ಅದನ್ನೇ ಬಾವುಟ ಮಾಡಿಕೊಂಡು ಮಾರನೆಯ ದಿನ ವಾರ್ಡಿಗೆ ಬೀಗ ಹಾಕುತ್ತಾನೆ. ಆಮೇಲೆ ನಿಮ್ಮಂಥ ಊರುಗಳ ಹೆಣ್ಣುಮಕ್ಕಳು ನೋವು ಶುರುವಾದ ಮೇಲೆ ಕಣಿವೆ ದಾಟಿ ದೊಡ್ಡ ಊರಿಗೆ ಹೋಗಬೇಕು. ಹೋದ ಚಳಿಗಾಲದಲ್ಲಿ ರಸ್ತೆ ಕೆಟ್ಟು ಬಸ್ಸಿನಲ್ಲೇ ಹೆತ್ತವಳ ಕಥೆ ನಿನಗೆ ಗೊತ್ತು. ಮಗು ಉಳಿಯಲಿಲ್ಲ. ನಾನು ಆ ಮಗುವಿನ ಬಗ್ಗೆ ಮೂರು ಸಲ ಬರೆದೆ, ಯಾರೂ ಓದಲಿಲ್ಲ. ಒಂದು ಚಿತ್ರ ಹಾಕಿದೆ, ಊರೇ ಎದ್ದಿತು. ಒಂದು ಕಡೆ ಇಷ್ಟು ಹೆಂಗಸರು, ಇನ್ನೊಂದು ಕಡೆ ಒಬ್ಬ ಅಜ್ಜಿಯ ತಲೆವಸ್ತ್ರ. ಪತ್ರಿಕೆ ನಡೆಸುವವನು ತೂಗಲೇಬೇಕು ನೆವೆನ, ಕಣ್ಣು ಮುಚ್ಚಿಕೊಂಡಾದರೂ.

ಸತ್ತವರಿಗೆ ನಲವತ್ತನೇ ದಿನ ಎರಡನೇ ಹಾಳೆ ಅಂಟಿಸುವುದು ಪದ್ಧತಿ. ನಮ್ಮ ಮೇಯರಿಗೂ ಅದು ಯಾವಾಗ ಎಂದು ಓದುಗರು ಕೇಳುತ್ತಿದ್ದಾರೆ. ಜೂನ್ ೧೮ರ ಸಂಚಿಕೆಯಲ್ಲಿ ಹಾಕುತ್ತೇನೆ. ಈ ಸಲ ಚಿತ್ರ ಇನ್ನೂ ದೊಡ್ಡದು. ತೀರ್ಮಾನಕ್ಕೆ ಮುಂಚೆ ಅದೊಂದು ಬೇಕೇ ಬೇಕು.

ರಂಗೆಲ್

*

ಕಾಮೆನ್‌ದೊಲ್
೨೩ ಮೇ

ರಂಗೆಲ್ ಮಾವ,

ಕಾಫಿ ಕೊಟ್ಟೆ. ಪಟ್ಟಣದಿಂದ ಬಂತು ಅಂದೆ, ಅಷ್ಟೇ. ಅಜ್ಜಿ ಕುಡಿದು ಬಟ್ಟಲು ಬೋರಲು ಹಾಕಿ ಗಸಿ ನೋಡು ಅಂದರು. ನನಗೆ ಶಕುನ ಓದಲು ಬರುವುದಿಲ್ಲ. ಒಂದು ದಾರಿ ಕಾಣುತ್ತದೆ ಅಂದೆ. ಎಲ್ಲರೂ ಹಾಗೇ ಹೇಳುತ್ತಾರಲ್ಲ.

ಹಗಲೆಲ್ಲ ಅವರು ಬಾಗಿಲ ಬಳಿ ಕೂತಿರುತ್ತಾರೆ, ಕಾರಿನ ಸದ್ದಾದರೆ ಎದ್ದು ನಿಲ್ಲುತ್ತಾರೆ. ಮಗ ವಾರಕ್ಕೊಮ್ಮೆ ಬರುತ್ತಿದ್ದವರು ಈಗ ದಿನ ಬಿಟ್ಟು ದಿನ ಬರುತ್ತಾರೆ, ತಾನಿದ್ದೇನೆ ಎಂದು ತೋರಿಸಲು. ತೊಟ್ಟಿಯ ಬಳಿಗೆ ಅಜ್ಜಿ ಹೋಗುವುದಿಲ್ಲ. ನೀರು ನಾನೇ ತಂದುಕೊಡುತ್ತೇನೆ, ಅರ್ಧ ಬಿಂದಿಗೆ. ಅವರು ಬದಲಿಗೆ ಹಿತ್ತಲಿನ ಹಸಿರು ಪ್ಲಮ್ ಕೊಡುತ್ತಾರೆ. ಈ ಸಲ ಅದೇಕೋ ಉಪ್ಪು ಹಚ್ಚಿಕೊಂಡು ಎಷ್ಟು ತಿಂದರೂ ಸಾಲದು.

ಮಾವ, ಎರಡನೇ ಹಾಳೆ ಹಾಕಬೇಡಿ. ನೀವು ಬರೆದದ್ದು ನನಗೆ ಅರ್ಥವಾಗಿದೆ, ಎರಡು ಸಲ ಓದಿದ್ದೇನೆ. ಬಸ್ಸಿನಲ್ಲಿ ಹೆತ್ತವಳು ನನಗೂ ನೆನಪಾಗುತ್ತಾಳೆ, ಈಚೆಗೆ ದಿನವೂ. ಆದರೂ ಕೇಳುತ್ತಿದ್ದೇನೆ. ನಲವತ್ತು ದಿನ ಕಳೆದರೆ ಮಗ ಉಳಿದ ಎಂದು ಒಬ್ಬರು ಕಾಯುತ್ತಿರುವಾಗ ಅದೇ ದಿನಕ್ಕೆ ಸರಿಯಾಗಿ ಅದೇ ಮುಖ ಮರದ ಮೇಲೆ ಬಂದರೆ ಅವರು ಏನು ತಿಳಿದುಕೊಳ್ಳಬೇಕು?

ಇನ್ನೊಂದು. ನವೆಂಬರಿನಲ್ಲಿ ಕಣಿವೆ ದಾಟಿ ದೊಡ್ಡ ಊರಿಗೆ ಬಸ್ಸು ಹೋಗುತ್ತದೆಯೇ? ಹಿಮ ಬಿದ್ದರೆ ಎಷ್ಟು ಹೊತ್ತು ಹಿಡಿಯುತ್ತದೆ? ಸುಮ್ಮನೆ ಕೇಳಿದೆ.

ನೆವೆನ

*

ಬಿಸ್ತ್ರಿಕ
೨೬ ಮೇ

ನೆವೆನ,

ಸುಮ್ಮನೆ ಕೇಳುವವಳು ನೀನಲ್ಲ. ನವೆಂಬರಿನಲ್ಲಿ ದೊಡ್ಡ ಊರಿನಲ್ಲಿ ನಿನಗೇನು ಕೆಲಸ? ನಿನ್ನ ಗಂಡ ಮಿತ್ಕೊ ಸಮುದ್ರದ ದಂಡೆಯಲ್ಲಿ ಹೋಟೆಲು ಕಟ್ಟುವ ಕೆಲಸ ಬಿಡುತ್ತಿದ್ದಾನೆಯೇ? ಅವನಿಗೆ ಆ ಊರಿನಲ್ಲಿ ಕೆಲಸ ಕೊಡಿಸುವವರು ಯಾರು? ದಿನ ಬಿಟ್ಟು ದಿನ ಪಕ್ಕದ ಅಂಗಳಕ್ಕೆ ಬರುವ ಮೇಯರ್ ಗೋಡೆಯಾಚೆಗೂ ನಾಲ್ಕು ಒಳ್ಳೆಯ ಮಾತಾಡಿದನೋ?

ಇದ್ದರೆ ನೇರವಾಗಿ ಹೇಳು. ಬದುಕಿಗೆ ದಾರಿ ನೋಡಿಕೊಳ್ಳುವುದು ತಪ್ಪಲ್ಲ. ಆದರೆ ನನ್ನ ಪತ್ರಿಕೆಯ ಹಾಳೆ ಅದಕ್ಕೆ ಬೆಲೆಯಾಗುವುದು ಬೇಡ.

ಹಿಮ ಬಿದ್ದರೆ ಬಸ್ಸು ಹೋಗುವುದಿಲ್ಲ.

ಹಸಿ ಪ್ಲಮ್ ಅಷ್ಟು ತಿನ್ನಬೇಡ, ಹೊಟ್ಟೆ ಕೆಡುತ್ತದೆ.

ರಂಗೆಲ್

*

ಬಿಸ್ತ್ರಿಕ
೪ ಜೂನ್

ನೆವೆನ,

ಬಸ್ಸು ಬಂತು, ಹೋಯಿತು, ನಿನ್ನ ಕಾಗದವಿಲ್ಲ. ಡ್ರೈವರನ್ನು ಕೇಳಿದೆ. ಅವನು ತಿರುಗಿ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ತುಟಿ ನೋಡಿದರೆ 'ಚೆನ್ನಾಗಿದ್ದಾಳೆ' ಎಂದ ಹಾಗಿತ್ತು.

ನನ್ನ ಹಿಂದಿನ ಕಾಗದದಲ್ಲಿ ಮಾತು ಒರಟಾಯಿತೇನೋ. ಎರಡನೇ ಹಾಳೆಗೆ ಅಕ್ಷರ ಜೋಡಿಸಿಯಾಗಿದೆ. ಮೇಜಿನ ಮೇಲಿದೆ. ಹೋಗಿ ಬಂದು ನೋಡುತ್ತೇನೆ. ಮೊದಲ ಸಲದ ಹಾಗೆ ನಗು ಬರುತ್ತಿಲ್ಲ.

ಎರಡು ಸಾಲು ಬರೆ.

ರಂಗೆಲ್ ಮಾವ

*

ಕಾಮೆನ್‌ದೊಲ್
೬ ಜೂನ್

ರಂಗೆಲ್ ಮಾವ,

ಮಿತ್ಕೊನಿಗೆ ಯಾರೂ ಯಾವ ಕೆಲಸವನ್ನೂ ಕೊಡಿಸಿಲ್ಲ. ಮೇಯರ್ ನನ್ನ ಜೊತೆ ಮಾತಾಡಿದ್ದು ಒಂದೇ ಸಲ, ಕಾರು ತಿರುಗಿಸುವಾಗ ನಮ್ಮ ಕೋಳಿ ಅಡ್ಡ ಬಂದಾಗ.

ಇಷ್ಟೇ ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ನಿಮ್ಮ ಕಾಗದ ಕೈಯಲ್ಲಿ ಹಿಡಿದು ಅಂಗಳದಲ್ಲಿ ಕೂತಿದ್ದಾಗ ತೋಂಕಜ್ಜಿ ಬಂದರು. ಅಳುತ್ತಿದ್ದೀಯಾ ಎಂದು ಕೇಳಿದರು. ಪೊರೆ ಬಂದ ಕಣ್ಣಿಗೆ ಇದೆಲ್ಲ ಹೇಗೆ ಕಾಣುತ್ತದೋ. ಕಾಗದ ಯಾರದು, ಕಾಫಿ ಯಾರದು, ಎಲ್ಲ ಹೇಳಿಬಿಟ್ಟೆ. ಅವರು ಕಾಫಿ ಚೆನ್ನಾಗಿತ್ತು ಅಂದರು. ಆಮೇಲೆ ಪೆನ್ನು ತಗೊ, ನಾನು ಹೇಳಿದ ಹಾಗೆ ಬರೆ, ಒಂದು ಮಾತೂ ಬಿಡಬಾರದು ಅಂದರು. ಅವರು ಹೇಳಿದ್ದನ್ನೇ ಬರೆಯುತ್ತಿದ್ದೇನೆ.

"ರಂಗೆಲಪ್ಪಾ, ನಿನ್ನ ಕಿವಿ ಹೋಗಿದೆಯಂತೆ, ನನ್ನ ಕಣ್ಣು ಹೋಗಿದೆ. ಇಬ್ರೂ ಸರಿಯಾದೆವು. ಆದ್ರೆ ಕಿವಿ ಹೋದೋನಿಗೆ ಕಣ್ಣೂ ಹೋಗ್ಬೇಕಾ? ಹಸಿ ಪ್ಲಮ್ ತಿಂತೀನಿ ಅಂತ ಹುಡುಗಿ ಬರೆದ್ರೆ ಹೊಟ್ಟೆ ಕೆಡುತ್ತೆ ಅಂತೀಯ. ನವೆಂಬರ್ನಾಗೆ ಬಸ್ಸಿದೆಯಾ ಅಂತ ಕೇಳಿದ್ರೆ ಬೈತೀಯ. ಮದುವೆ ಆಗದ ಗಂಡಸು, ನಿನ್ನ ತಪ್ಪಲ್ಲ ಬಿಡು. ಅವಳು ಬಸುರಿ ಕಣಪ್ಪಾ. ಏನೇ, ಬರಿ, ಯಾಕೆ ನಿಲ್ಲಿಸ್ದೆ?

ನೀನು ವಾರ್ಡು ಉಳಿಸ್ತಿರೋದು ಇವಳಿಗೇ. ಇವಳು ನಿನ್ನ ಹತ್ರ ಹಾಳೆ ಬೇಡ ಅಂತ ಕೇಳ್ತಿರೋದು ನನಗೋಸ್ಕರ. ಅದನ್ನ ತಿಳ್ಕೊ.

ನನ್ನ ಮಗನ್ನ ನೀನು ಬೈಬಹುದು. ಮೇಯರ್ ಆದೋನು ಬೈಸ್ಕೋಬೇಕು, ನಾನೂ ಬೈತೀನಿ. ಆದ್ರೆ ಬದುಕಿರೋನ್ನ ಸತ್ತ ಅಂತ ಹಾಕ್ದೆ. ಈಗ ಹುಟ್ಟಿದ ಅಂತ ಹಾಕು."

ಇಷ್ಟು ಹೇಳಿ ಒಳಗೆ ಹೋಗಿ ಒಂದು ಫೋಟೋ ತಂದರು. ಇದರ ಜೊತೆ ಇಟ್ಟಿದ್ದೇನೆ. ಬಿಸ್ತ್ರಿಕದ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಜ್ಜಿ ನಿಂತಿದ್ದಾರೆ, ಆಗ ಅವರಿಗೆ ನನ್ನ ವಯಸ್ಸು. ಕೈಯಲ್ಲಿ ಬಟ್ಟೆಯ ಗಂಟಿನ ಹಾಗೆ ಲ್ಯುಬೆನ್. ಪಕ್ಕದಲ್ಲಿ ಬಿಳಿ ಟೋಪಿಯ ಸೂಲಗಿತ್ತಿ. ಹಿಂದೆ ಹೆರಿಗೆ ವಾರ್ಡಿನ ಬಾಗಿಲು, ಈಗಲೂ ಇರುವ ಅದೇ ಹಸಿರು ಬಾಗಿಲು.

ಈ ಚಿತ್ರ ಬಂದರೆ ನಿಮ್ಮ ಮಗನಿಗೆ ತೊಂದರೆಯಾಗುತ್ತದೆ, ವಾರ್ಡು ಮುಚ್ಚುವುದು ಕಷ್ಟವಾಗುತ್ತದೆ ಎಂದು ನಾನೇ ಹೇಳಿದೆ. ಗೊತ್ತಿಲ್ಲದೆ ಕೊಟ್ಟರು ಎಂದು ಆಗಬಾರದಲ್ಲ.

"ನನಗೇನು ಬುದ್ಧಿ ಇಲ್ವಾ?" ಅಂದರು.

ನವೆಂಬರ್ ಎರಡನೇ ವಾರ ಎಂದು ಡಾಕ್ಟರು ಹೇಳಿದ್ದಾರೆ. ಮೊದಲೇ ನಿಮಗೆ ತಿಳಿಸಬಹುದಿತ್ತು. ತಿಳಿಸಿದ್ದರೆ ನೀವು ನನ್ನನ್ನೂ ತಕ್ಕಡಿಯಲ್ಲಿ ಇಡುತ್ತಿದ್ದಿರಿ. ಆಗ ಅಜ್ಜಿಯ ಕಡೆ ಇನ್ನೂ ಹಗುರವಾಗುತ್ತಿತ್ತು.

ನೆವೆನ

*

ಬಿಸ್ತ್ರಿಕ
೯ ಜೂನ್

ನನ್ನ ಮಗಳೇ ನೆವೆನ,

ಡ್ರೈವರ್ ಬಸ್ಸಿನಿಂದಿಳಿದು ಕಾಗದ ಕೊಟ್ಟು ಹೋಗದೆ ನಿಂತಿದ್ದ. ನಾನು ಓದಿ ಮುಗಿಸುವ ತನಕ ಕಾದು, ಹೊಟ್ಟೆಯ ಮುಂದೆ ಕೈಯಲ್ಲಿ ದೊಡ್ಡದಾಗಿ ಗುಂಡಗೆ ಮಾಡಿ ತೋರಿಸಿ ನಕ್ಕ. ಅವನಿಗೂ ಗೊತ್ತಿತ್ತು. ಕಣಿವೆಯಲ್ಲಿ ಗೊತ್ತಿಲ್ಲದಿದ್ದವನು ನಾನೊಬ್ಬನೇ.

ನಾನು ಬರೆದ ಆ ಮಾತುಗಳನ್ನು ಒಲೆಗೆ ಹಾಕು.

ಒಂದು ವಿಷಯ ನಿನಗೆ ಹೇಳಬೇಕು. ನನ್ನ ಬಳಿ ದರಾಕೊವ್‌ನ ಬೇರೆ ಚಿತ್ರಗಳಿದ್ದವು, ಭಾಷಣ ಮಾಡುವಂಥವು, ಕೈ ಎತ್ತಿದಂಥವು. ಅವು ಬೇಡವೆಂದು ಯಾವುದೋ ಮದುವೆಯಲ್ಲಿ ನಗುತ್ತಿದ್ದ ಚಿತ್ರ ಆರಿಸಿದೆ. ಮನೆಯವರು ಸಾವಿನ ಹಾಳೆಗೆ ಆರಿಸುವುದು ಅಂಥದ್ದನ್ನೇ. ಅಕ್ಷರ ಬೇಕೆಂದೇ ಸಣ್ಣದು ಮಾಡಿದೆ. ನೋಡಿದವರು ಒಂದು ಕ್ಷಣ ನಿಜವೆಂದು ನಂಬಲಿ, ಎದೆ ಝಲ್ ಅನ್ನಲಿ, ಆಮೇಲೆ ಓದಿ ನಗಲಿ ಎಂದು. ಆ ಒಂದು ಕ್ಷಣವನ್ನೇ ನಾನು ಮಾರಿದ್ದು. ಬೇರೆಯವರೆಲ್ಲ ಆ ಕ್ಷಣದಿಂದ ಆಚೆ ಬಂದರು. ತೋಂಕಜ್ಜಿ ಇನ್ನೂ ಅದರೊಳಗೇ ಕೂತಿದ್ದಾರೆ. ಅಚ್ಚು ಹಾಕಿದವನು ಅವರಿಗೆ ಬಾಗಿಲು ತೆಗೆಯಬೇಕಾಗಿತ್ತು. ನಾನು ಕಾಫಿ ಪುಡಿ ಕಳಿಸಿದೆ.

ಮೇಜಿನ ಮೇಲಿದ್ದ ಹಾಳೆಯ ಅಕ್ಷರಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದ್ದೇನೆ.

ಫೋಟೋ ಬಹಳ ಚೆನ್ನಾಗಿದೆ. ಪುಟ ಹೇಗಿರುತ್ತದೆಂದು ಒಂದು ಪ್ರತಿ ತೆಗೆದು ಕಳಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಚಿತ್ರದಲ್ಲಿರುವವರಿಗೆ ಮೊದಲು ತೋರಿಸಿ ಕೇಳಿದ್ದು ಇದೇ ಮೊದಲು. ಅಜ್ಜಿಗೆ ತೋರಿಸು, ಓದಿ ಹೇಳು. ಬೇಡವೆಂದರೆ ಹಾಕುವುದಿಲ್ಲ.

ಭಾರ ಎತ್ತಬೇಡ. ಅರ್ಧ ಬಿಂದಿಗೆಯನ್ನೂ.

ಮಾವ

*

ಕಾಮೆನ್‌ದೊಲ್
೧೩ ಜೂನ್

ರಂಗೆಲ್ ಮಾವ,

ಪುಟ ತೋರಿಸಿದೆ. ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು, ಬೆರಳಿನಿಂದ ಅಂಚು ಸವರಿದರು.

"ಗೆರೆ ಯಾಕೆ?" ಅಂದರು.

ನಾನು ನೋಡಿಯೇ ಇರಲಿಲ್ಲ. ಸುತ್ತ ತೆಳ್ಳಗೆ ಕಪ್ಪು ಗೆರೆ ಇದೆ. ನಿಮ್ಮ ಅಕ್ಷರ ಜೋಡಿಸುವವರಿಗೆ ಅಭ್ಯಾಸಬಲವಿರಬೇಕು. ಅದನ್ನು ತೆಗೆಯಬೇಕಂತೆ.

ಚಿತ್ರ ದೊಡ್ಡದು ಮಾಡಲು ಸೂಲಗಿತ್ತಿಯನ್ನು ಕತ್ತರಿಸಿಬಿಟ್ಟಿದ್ದೀರಿ. "ಪೆನಾ ಇಲ್ದಿದ್ರೆ ಇವನೂ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ. ಅವಳನ್ನ ವಾಪಸ್ ತಂದು ನಿಲ್ಲಿಸು ಅನ್ನು" ಅಂದರು. ಅವಳ ಹೆಸರೂ ಇರಬೇಕಂತೆ.

ಕೆಳಗೆ ನೀವು ಹಾಕಿರುವ ಸಾಲು ಓದಿದೆ, 'ತಾನು ಹುಟ್ಟಿದ ಬಾಗಿಲಿಗೇ ಬೀಗ ಹಾಕುವ ಮಗ' ಎಂದು. ಅವರು ಮತ್ತೊಮ್ಮೆ ಓದಿಸಿದರು. ಚುಚ್ಚುವ ಮಾತು ಬೇಡ, ಹೆಸರು, ಹುಟ್ಟಿದ ದಿನ, ಹುಟ್ಟಿದ ಜಾಗ ಹಾಕಲಿ, ಉಳಿದದ್ದು ಓದುವವರಿಗೆ ತಾವಾಗಿ ತಿಳಿಯುತ್ತದೆ ಅಂದರು. ನನಗೂ ಹಾಗೇ ಅನ್ನಿಸಿತು.

ಮಗನಿಗೆ ನೀವೇ ಹೋಗಿ ಮೊದಲು ತೋರಿಸಬೇಕಂತೆ. ಅವನು ಇನ್ನೊಂದು ಸಲ ಬೇರೆಯವರ ಬಾಯಿಂದ ತನ್ನ ಸುದ್ದಿ ಕೇಳಬಾರದು ಅಂದರು.

ಕಪ್ಪು ಇನ್ನೂ ಬಿಚ್ಚಿಲ್ಲ. ಹಾಳೆ ಬರಲಿ ಅನ್ನುತ್ತಿದ್ದಾರೆ.

ನೆವೆನ

*

ಬಿಸ್ತ್ರಿಕ
೧೯ ಜೂನ್

ಮಗಳೇ,

ಗೆರೆ ತೆಗೆಸಿದೆ. ಪೆನಾಳನ್ನು ವಾಪಸು ತಂದು ನಿಲ್ಲಿಸಿದೆ. ಚಿತ್ರ ಚಿಕ್ಕದಾಯಿತು, ಆದರೆ ಬಾಗಿಲು ಪೂರ್ತಿ ಕಾಣುತ್ತದೆ.

ಗುರುವಾರ ಪುಟ ಹಿಡಿದು ಪುರಸಭೆಗೆ ಹೋದೆ. ಕಾವಲಿನವನು ಒಳಗೆ ಬಿಡಲು ಹೆದರಿದ. ದರಾಕೊವ್ ನನ್ನನ್ನು ನೋಡಿ ಎದ್ದು ನಿಂತ, ಹೊಡೆಯುತ್ತಾನೆ ಅಂದುಕೊಂಡೆ. ಪುಟ ಮೇಜಿನ ಮೇಲಿಟ್ಟು, ನಿಮ್ಮ ತಾಯಿಗೆ ನನ್ನಿಂದ ಆದದ್ದಕ್ಕೆ ಕ್ಷಮಿಸಿ, ವಾರ್ಡಿನ ವಿಷಯದಲ್ಲಿ ಮಾತ್ರ ಕ್ಷಮೆ ಕೇಳಲು ಬಂದಿಲ್ಲ ಅಂದೆ. ಅವನು ಕೂತು ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ಅದನ್ನು ಅವನು ಯಾವತ್ತೂ ನೋಡಿರಲಿಲ್ಲವಂತೆ. ಆಮೇಲೆ ಏನೋ ಕೇಳಿದ. ನನಗೆ ಕೇಳಿಸಲಿಲ್ಲ. ಕಿವಿಯ ಹತ್ತಿರ ಬಂದು ಜೋರಾಗಿ ಕೇಳಿದ. ಹೊರಗಿದ್ದವರಿಗೆಲ್ಲ ಕೇಳಿಸಿರಬೇಕು.

"ಅಮ್ಮ ಇದ್ರಲ್ಲಿ ನಗ್ತಿದಾಳಾ, ಇಲ್ಲ ಬಿಸಿಲಿಗೆ ಕಣ್ಣು ಸಣ್ಣ ಮಾಡಿದಾಳಾ?"

ನಗುತ್ತಿದ್ದಾರೆ ಅಂದೆ. ಹಾಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಪುಟವನ್ನು ಮಾತ್ರ ವಾಪಸು ಕೊಡಲಿಲ್ಲ.

ನಿನ್ನೆ ಸಂಚಿಕೆ ಬಂತು. ಯಾರೂ ಜೋರಾಗಿ ನಗಲಿಲ್ಲ. ಬೇಕರಿಯವಳು ಹಳೆಯದನ್ನು ಕಿತ್ತು ಇದನ್ನು ಅಂಟಿಸಿದಳು. ಮಧ್ಯಾಹ್ನ ಹೆಂಗಸೊಬ್ಬಳು ತನ್ನದೂ ಇದೆ ಎಂದು ಅದೇ ಮೆಟ್ಟಿಲ ಮೇಲಿನ ಫೋಟೋ ತಂದಳು. ಸಂಜೆಯ ಹೊತ್ತಿಗೆ ಇನ್ನೂ ಹಲವರು. ಮುಂದಿನ ವಾರ ಅವನ್ನೆಲ್ಲ ಹಾಕುತ್ತೇನೆ, ಒಬ್ಬೊಬ್ಬರನ್ನೂ ಕೇಳಿ.

ತೋಂಕಜ್ಜಿ ಏನಂದರು?

ಮಾವ

*

ಕಾಮೆನ್‌ದೊಲ್
೨೩ ಜೂನ್

ರಂಗೆಲ್ ಮಾವ,

ಹಾಳೆಯನ್ನು ಅಜ್ಜಿಯೇ ವಾಲ್ನಟ್ ಮರಕ್ಕೆ ಅಂಟಿಸಿದರು. ಗೋಧಿ ಹಿಟ್ಟಿನ ಅಂಟನ್ನು ತಾವೇ ಕಾಸಿದರು. ಮೊದಲಿನದು ಇದ್ದ ಜಾಗಕ್ಕೇ ಸರಿಯಾಗಿ. ಆಮೇಲೆ ತೊಟ್ಟಿಯಲ್ಲಿ ಕೈ ತೊಳೆದು, ತಲೆಯ ಕಪ್ಪು ವಸ್ತ್ರ ಬಿಚ್ಚಿ, ಅದರಲ್ಲೇ ಕೈ ಒರೆಸಿಕೊಂಡು ಮಡಚಿದರು. ಅವರ ಕೂದಲು ಇಷ್ಟು ಬೆಳ್ಳಗಿತ್ತೆಂದು ಮರೆತೇ ಹೋಗಿತ್ತು.

ಮಗ ಭಾನುವಾರ ಬಂದಿದ್ದರು. ಅಮ್ಮಾ ನೀನೂ ಅವರ ಜೊತೆ ಸೇರಿಕೊಂಡೆಯಾ ಎಂದು ಕೇಳಿದರಂತೆ. "ಯಾರ ಜೊತೇನೂ ಸೇರಿಲ್ಲ. ನಿನ್ನ ಹೆತ್ತ ಜಾಗ ತೋರಿಸ್ದೆ ಅಷ್ಟೇ, ಊಟ ಮಾಡು" ಅಂದರಂತೆ. ಊಟ ಮಾಡಿ ಹೋದರು.

ನೆವೆನ

*

ಬಿಸ್ತ್ರಿಕ ಆಸ್ಪತ್ರೆ
೧೪ ನವೆಂಬರ್

ರಂಗೆಲ್ ಮಾವ,

ನೀವು ಎರಡು ಬೀದಿ ಆಚೆ ಇದ್ದೀರಿ, ಆದರೂ ಬರೆಯುತ್ತಿದ್ದೇನೆ. ಬಾಣಂತಿಯ ಕೋಣೆಗೆ ಗಂಡಸರನ್ನು ಬಿಡುವುದಿಲ್ಲ. ಕಿಟಕಿಯ ಕೆಳಗೆ ನಿಂತು ನೀವು ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು, ನಾನು ಹೇಳಿದ್ದು ನಿಮಗೆ ಕೇಳಿಸಲಿಲ್ಲ. ಹೆಣ್ಣು ಮಗು. ನಾನು ಎರಡೂವರೆ ಬೆರಳು ತೋರಿಸಿದ್ದು ತೂಕ. ಅದನ್ನು ನೀವು ಅವಳಿ ಎಂದು ತಿಳಿದು ಡ್ರೈವರಿಗೆ ಹೇಳಿಬಿಟ್ಟಿರಂತೆ. ದಯವಿಟ್ಟು ಸರಿಮಾಡಿ, ಊರಿನಲ್ಲಿ ಎರಡು ತೊಟ್ಟಿಲು ತಯಾರಾಗುತ್ತಿವೆ.

ಜೂನಿನಲ್ಲಿ ಮತ್ತೆ ಮುಂದೂಡಿದರಲ್ಲ, ವಾರ್ಡನ್ನು ಏನು ಮಾಡುವುದೆಂದು ವಸಂತದಲ್ಲಿ ಮತ್ತೆ ಕೂತು ನಿರ್ಧರಿಸುತ್ತಾರಂತೆ. ನರ್ಸುಗಳು ಹಾಗೆ ಮಾತಾಡಿಕೊಳ್ಳುತ್ತಿದ್ದರು. ಹೊರಗೆ ಹಿಮ ಬೀಳುತ್ತಿದೆ. ದೊಡ್ಡ ಊರಿಗೆ ಹೋಗುವ ಕಣಿವೆಯ ದಾರಿ ನಿನ್ನೆಯಿಂದ ಮುಚ್ಚಿದೆ. ಹಸಿರು ಬಾಗಿಲು ತೆರೆದೇ ಇತ್ತು, ನಾನು ನಡೆದುಕೊಂಡೇ ಒಳಗೆ ಬಂದೆ.

ತೋಂಕಜ್ಜಿ ಮೊನ್ನೆಯೇ ಬಸ್ಸಿನಲ್ಲಿ ಬಂದು ಮಗನ ಮನೆಯಲ್ಲಿ ಉಳಿದಿದ್ದಾರೆ. ಇವತ್ತು ಬೆಳಿಗ್ಗೆ ಸೇವಂತಿಗೆ ಹಿಡಿದುಕೊಂಡು ಬಂದರು. ಕೈಯಲ್ಲಿಟ್ಟು ಎಣಿಸು ಅಂದರು. ಎಣಿಸಿದೆ, ಐದು.

"ಮನೆಯಿಂದ ಐದೇ ತಂದಿದ್ದು. ಬಸ್ಸಲ್ಲಿ ಯಾವನೋ ಮೊಣಕೈ ತಾಗಿಸಿ ಒಂದು ಮುರಿದ. ಸತ್ತೋರ ಮನೆಗೆ ತರೋ ಹಾಗೆ ನಾಲ್ಕು ಹಿಡ್ಕೊಂಡು ಬಾಣಂತಿ ಹತ್ರ ಬರಕ್ಕಾಗುತ್ತಾ? ಪುರಸಭೆ ಮುಂದೆ ಬೆಳೆಸಿದಾರಲ್ಲ, ಅಲ್ಲಿಂದ ಒಂದು ಕಿತ್ತೆ. ಕಾವಲಿನೋನು ಓಡಿ ಬಂದ. ಮೇಯರನ್ನ ಕೇಳ್ಕೊ ಹೋಗು ಅಂದೆ."

ಆ ಒಂದು ಬೇರೆ ಬಣ್ಣದ್ದು. ಈಗ ಕಿಟಕಿಯಲ್ಲಿದೆ, ನಾಳೆ ಬಂದರೆ ಕೆಳಗಿನಿಂದಲೇ ಕಾಣುತ್ತದೆ.

ಇದರ ಜೊತೆ ಒಂದು ಫೋಟೋ ಇದೆ. ನರ್ಸು ತೆಗೆದುಕೊಟ್ಟರು. ಮಗು ಕಣ್ಣು ಬಿಟ್ಟಿಲ್ಲ, ನನ್ನ ಕೂದಲು ಕೆದರಿದೆ, ಪಕ್ಕದಲ್ಲಿ ತೋಂಕಜ್ಜಿಯ ಅರ್ಧ ಮುಖ ಮಾತ್ರ ಬಂದಿದೆ. ಇದು ಅಚ್ಚು ಹಾಕಲು ಅಲ್ಲ ಮಾವ. ನೀವು ನೋಡಲು.

ನೆವೆನ